ಪರಮಶಿವಯ್ಯನವರು ಕ್ಲೋರೋಫಾರಂ ಮೂಸಿದ್ದು

ಪರಮಶಿವಯ್ಯನವರು ಲಾಟೀನಿನ ಗಾಜಿನೊಳಗೆ ಕೈ ತೂರಿಸಿ ಬೂದಿಯಿಂದ ಮಸಿ ಉಜ್ಜುತ್ತಿದ್ದಾಗ ಪಕ್ಕದ ಮನೆಯ ಚಲುವಯ್ಯ ಬಂದು ವಕ್ಕರಿಸಿದ. ಹೊಳೆನರಸೀಪುರದಲ್ಲಿ ಬೆಲ್ಲದ ಅಂಗಡಿ ಇಟ್ಟುಕೊಂಡು, ಮೂಟೆ ಎತ್ತೀ ಎತ್ತೀ ತೊಡೆಸಂದಿನಲ್ಲಿ ನಿಂಬೆಹಣ್ಣಿನಷ್ಟು ಗಂಟು ಬರಿಸಿಕೊಂಡಿದ್ದ ಪರಮಶಿವಯ್ಯನವರಿಗೆ ಅವತ್ತು ಹಾಸನದ ಆಸ್ಪತ್ರೆಯಲ್ಲಿ ಆಪರೇಷನ್ ಎಂಬುದು ಬೀದಿಗೆಲ್ಲ ಗೊತ್ತಿತ್ತು.

"ಕ್ಲೋರೋಫಾರಂ ಕೊಡ್ತಾರಂತಲ್ಲ, ಉಷಾರು ಕಣ್ರಯ್ಯ" ಎಂದ ಚಲುವಯ್ಯ. "ಅದು ಮೂಗಿಗೋಯ್ತೂ ಅಂದ್ರೆ ಒಟ್ಟೇಲಿರೋ ಗುಟ್ಟೆಲ್ಲ ಬಾಯಿಗೆ ಬಂದ್ಬುಡ್ತದೆ. ನಮ್ಮ ಹಳೇಕೋಟೆ ಭಾವ, ಅತ್ತೆ ಮನೆ ಚೊಂಬು ಕದ್ದಿದ್ನೂ ಯೋಳ್ಬುಟ್ಟ."

ಪರಮಶಿವಯ್ಯನವರ ಎದೆ ಕುದಿಯುವ ಬೆಲ್ಲದ ಕೊಪ್ಪರಿಗೆಯಂತಾಯಿತು. ಗುಟ್ಟು ಅವರ ಕರಿ ಕೋಟಿನ ಒಳಜೇಬಿನಲ್ಲೇ ಕೂತಿತ್ತು. ಮಗಳು ಪ್ರೇಮಕುಮಾರಿಯನ್ನು ಅರಕಲಗೂಡಿನ ಚಂದ್ರಯ್ಯ ಮೇಷ್ಟರ ಮಗ ನೋಡಿ ಒಪ್ಪಿದ್ದ, ಅವಳಿಗೂ ಮನಸ್ಸಾಗಿತ್ತು. ಹೆಂಡತಿ ಗಂಗಾಂಬಿಕೆ ಒಪ್ಪಿಗೆಯ ಕಾಗದ ಬರೆದು, ಕವರು ಅಂಟಿಸಿ, ಅಂಚೆಗೆ ಹಾಕಲು ಗಂಡನ ಕೈಗೆ ಕೊಟ್ಟು ಮೂರು ತಿಂಗಳಾಗಿತ್ತು. ಮಗಳು ಹೋದರೆ ಸಂಜೆ ತಮಗೆ ಯುದ್ಧದ ಸುದ್ದಿ ಓದಿ ಹೇಳುವವರಾರು, ತಾವು ಹೇಳಿದ ದಡ್ಡ ಮಾತಿಗೂ ನಗುವವರಾರು ಎಂದು ಅವರು ಇವತ್ತು, ನಾಳೆ ಎನ್ನುತ್ತಾ ಬಂದರು. ಗಂಗಾಂಬಿಕೆಯೋ, ಗಂಡಿನ ಕಡೆಯವರಿಗೆ ಎಷ್ಟು ಜಂಬ, ಒಂದು ಮಾರುತ್ತರವಿಲ್ಲ ಎಂದು ದಿನಾ ಬಯ್ಯುತ್ತಿದ್ದಳು. ಅವರು ಬೇರೆ ಹೆಣ್ಣು ನೋಡಲು ಹೊರಟಿದ್ದಾರೆ ಎಂಬ ಸುದ್ದಿ ಮೊನ್ನೆ ತಾನೇ ಬಂದಿತ್ತು.

ಗಂಟು ಕರಗಿದಂತಿದೆ, ಆಪರೇಷನ್ ಬೇಡ ಎಂದು ಅವರು ಹೇಳಿ ನೋಡಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಂಡತಿ ಮಗಳ ಜೊತೆ, ಯುದ್ಧಕಾಲದಲ್ಲಿ ಪೆಟ್ರೋಲಿಲ್ಲದೆ ಇದ್ದಿಲು ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಹತ್ತಿದರೆ ಚಲುವಯ್ಯನಿಗೂ ಎದುರುಮನೆ ಮಲ್ಲಿಗಮ್ಮನಿಗೂ ಅದೇ ದಿನ ಹಾಸನದಲ್ಲಿ ಏನೋ ಸಣ್ಣ ಕೆಲಸವಿತ್ತು. ಇಬ್ಬರೂ ಆ ಕೆಲಸಕ್ಕೆ ಹೋಗದೆ ನೆಟ್ಟಗೆ ಆಪರೇಷನ್ ಕೋಣೆಯ ಬಾಗಿಲಿಗೇ ಬಂದು ನಿಂತರು.

ಕಾಂಪೌಂಡರ್ ಪಾಲಾಕ್ಷ ಮಾತುಗಾರ. ಕ್ಲೋರೋಫಾರಂ ಇಲ್ಲದ ಕಾಲದಲ್ಲಿ ನಾಲ್ಕು ಆಳು ಕೈಕಾಲು ಅದುಮಿ ಹಿಡಿದುಕೊಂಡರೆ ವೈದ್ಯರು ಕುಯ್ಯುತ್ತಿದ್ದರಂತೆ. ನೂರು ವರ್ಷದ ಹಿಂದೆ ಸ್ಕಾಟ್ಲೆಂಡಿನ ಒಬ್ಬ ಡಾಕ್ಟರು ಊಟವಾದ ಮೇಲೆ ಸ್ನೇಹಿತರೊಂದಿಗೆ ಇದನ್ನು ಮೂಸಿ ನೋಡಿದನಂತೆ, ಎಲ್ಲರೂ ಮೇಜಿನ ಕೆಳಗೆ ಉರುಳಿಕೊಂಡರಂತೆ. ವಿಕ್ಟೋರಿಯಾ ರಾಣಿಯೂ ಹೆರಿಗೆಯಲ್ಲಿ ಮೂಸಿದ್ದಳಂತೆ.

"ರಾಣಿಯೋರು ಆಗ ಏನಾರ ಮಾತಾಡುದ್ರಂತಾ?" ಎಂದು ಪರಮಶಿವಯ್ಯನವರು ಮೆಲ್ಲಗೆ ಕೇಳಿದರು.

"ಮಾತಾಡಿದ್ರೂ ಇಂಗ್ಲೀಷು. ಕೇಳಿಸ್ಕೊಂಡೋರು ನಮ್ಗೆ ಬಂದು ಯೋಳ್ತಾರಾ?"

ಪರಮಶಿವಯ್ಯನವರು ಒಂದು ಉಪಾಯ ಮಾಡಿದರು. ಹತ್ತೊಂಬತ್ತರ ಮಗ್ಗಿ ಹೇಳುತ್ತಲೇ ಇದ್ದರೆ ನಾಲಿಗೆಗೆ ಬೇರೆ ಮಾತಿಗೆ ಬಿಡುವೆಲ್ಲಿ? ಮೇಜಿನ ಮೇಲೆ ಮಲಗಿದರು. ಪಾಲಾಕ್ಷ ತಂತಿ ಬುಟ್ಟಿಗೆ ಬಟ್ಟೆ ಹೊದಿಸಿದ್ದನ್ನು ಮೂಗಿನ ಮೇಲಿಟ್ಟು ನಾಲ್ಕು ಹನಿ ಬಿಟ್ಟ. ಘಮ್ಮೆಂದಿತು. ಹರಳೆಣ್ಣೆ ಕುಡಿದು ಖಾಲಿಯಾಗಿದ್ದ ಹೊಟ್ಟೆ, ನಿದ್ದೆಗೆಟ್ಟ ತಲೆ. ಹತ್ತೊಂಬತ್ತೊಂದ್ಲ ಹತ್ತೊಂಬತ್ತು, ಎರಡ್ಲ ಮೂವತ್ತೆಂಟು, ಮೂರ್ಲ ಐವತ್ತೇಳು. ನಾಲ್ಕಕ್ಕೆ ಬರುವಷ್ಟರಲ್ಲಿ ಮಗ್ಗಿ ಮರೆತೇಹೋಯಿತು. ಔಷಧಿ ಹತ್ತಿತು, ಇನ್ನು ತಮ್ಮ ಕೈಯಲ್ಲಿ ಏನೂ ಇಲ್ಲ ಅಂದುಕೊಂಡರು. ಅಂದುಕೊಂಡ ಕೂಡಲೇ ಮೂರು ತಿಂಗಳ ಭಾರ ಹರಿದ ಮೂಟೆಯಂತೆ ಸುರಿಯತೊಡಗಿತು.

"ಗಂಗಾ, ಕಾಗದ ಹಾಕಿಲ್ಲ ಕಣೆ. ಅವ್ರದೇನೂ ತಪ್ಪಿಲ್ಲ. ಕೋಟಿನ ಒಳಜೇಬ್ನಲ್ಲೈತೆ. ಪ್ರೇಮ ಒಂಟೋದ್ರೆ ಮನೇಲಿ ಎಂಗಿರ್ಲಿ ಅಂತ ನಾನೇ ಇಟ್ಕೊಂಡ್ಬುಟ್ಟೆ."

ಬಾಗಿಲಾಚೆ ಚಲುವಯ್ಯ ಕಿವಿಯನ್ನು ಸಂದಿಗೆ ಒತ್ತಿ ನಿಂತ. ಅವನ ಪಕ್ಕದಲ್ಲಿ ಅದೇ ಕೋಟನ್ನು ಮಡಿಸಿ ತೋಳಿನ ಮೇಲೆ ಹಾಕಿಕೊಂಡು ನಿಂತಿದ್ದವಳು ಗಂಗಾಂಬಿಕೆಯೇ.

ಡಾಕ್ಟರು ಕೈ ತೊಳೆದುಕೊಂಡು ಬಂದರು. "ಪಾಲಾಕ್ಷ, ಶುರು ಮಾಡಾಣ. ಕ್ಲೋರೋಫಾರಂ ಬಿಡು."

ಪರಮಶಿವಯ್ಯನವರು ಕಣ್ಣು ತೆರೆದರು. "ಮತ್ತೆ ಇಷ್ಟೊತ್ತು ಬಿಟ್ಟಿದ್ದು?"

"ಅತ್ತರು ಕಣ್ರಯ್ಯ" ಎಂದ ಪಾಲಾಕ್ಷ. "ಕ್ಲೋರೋಫಾರಂ ವಾಸ್ನೆಗೆ ಗಾಬರಿಯಾಗಬಾರ್ದು ಅಂತ ಮೊದ್ಲು ನಾಕು ಹನಿ ಅತ್ತರು ಬಿಡ್ತೀವಿ."

ಬಾಗಿಲಲ್ಲಿ ಗಂಗಾಂಬಿಕೆಯ ಬಳೆ ಸದ್ದಾಯಿತು. ಪರಮಶಿವಯ್ಯನವರು ಬುಟ್ಟಿಯನ್ನು ತಾವೇ ಎಳೆದು ಮೂಗಿಗೆ ಒತ್ತಿಕೊಂಡರು. "ಬೇಗ ಬುಡಪ್ಪಾ, ಅವ್ಳು ಒಳಕ್ಕೆ ಬರೋಕೆ ಮುಂಚೆ."

ನಿಜವಾದ ಔಷಧಿಗೆ ಅವರು ತುಟಿ ಪಿಟಕ್ಕೆನ್ನಲಿಲ್ಲ.

ಸಂಜೆ ಎಚ್ಚರವಾದಾಗ ಗಂಟು ಹೋಗಿತ್ತು, ಗಂಗಾಂಬಿಕೆ ಹೋಗಿರಲಿಲ್ಲ. ಪಕ್ಕದಲ್ಲಿ ಕೂತು, ಒಡೆದ ಕವರಿನ ಕಾಗದದ ಕೆಳಗೆ ಪಾಲಾಕ್ಷನ ಪೆನ್ನಿನಲ್ಲಿ ಏನೋ ಬರೆಯುತ್ತಿದ್ದಳು. ಗೋಡೆಗೊರಗಿ ನಿಂತ ಮಗಳ ಮುಖ ಸಂಕೋಚದಿಂದ ಕೆಂಪಾಗಿತ್ತು.

"ಏನ್ ಬರ್ದೆ?" ಎಂದರು ಕ್ಷೀಣವಾಗಿ.

ಅವಳು ಓದಿದಳು: "ಯಜಮಾನರಿಗೆ ಮೂರು ತಿಂಗಳಿಂದ ಪ್ರಜ್ಞೆ ಇರಲಿಲ್ಲ, ಇವತ್ತು ಬಂತು. ತಡವಾದದ್ದಕ್ಕೆ ಕ್ಷಮಿಸಿ, ನಮಗೆ ಪೂರ್ಣ ಒಪ್ಪಿಗೆ."

ಆಮೇಲೆ ಪೆನ್ನನ್ನು ಗಂಡನ ಬೆರಳಿಗೆ ಸಿಕ್ಕಿಸಿದಳು. ಅವರು ರುಜು ಹಾಕಿದರು. ಈ ಸಲ ಕಾಗದ ಅವರ ಕೈಯಲ್ಲಿ ಉಳಿಯಲಿಲ್ಲ. ಹೊಸ ಕವರಿಗೆ ಹಾಕಿ ಅಂಟಿಸಿ, ಪ್ರೇಮಕುಮಾರಿಯೇ ಓಡಿಹೋಗಿ ಆಸ್ಪತ್ರೆ ಗೇಟಿನ ಕೆಂಪು ಡಬ್ಬಿಯೊಳಗೆ ಹಾಕಿ ಬಂದಳು.