ನಾನೇ ಕೂರಿಸಿದ ಮುಂದಿನ ಗಾಜು

ಯಾವ ಕೆಲಸ ಮಾಡುವವರು ಬೀದಿಯ ಕೊನೆಯಲ್ಲೇ ಸಿಗುತ್ತಾರೋ ಅದೇ ಕೆಲಸವನ್ನು ತಾವೇ ಮಾಡಬೇಕೆನ್ನುವ ಹುಚ್ಚು ಕೆಲವು ಗಂಡಸರಿಗೆ ಐವತ್ತೈದು ದಾಟಿದ ಮೇಲೆ ಹಿಡಿಯುತ್ತದೆ. ಸಕ್ಕರೆ ಕಾಯಿಲೆಗಿಂತ ಇದು ಅಪಾಯ. ಅದಕ್ಕಾದರೆ ಮಾತ್ರೆ ಇದೆ, ಇದಕ್ಕೆ ಮೊಬೈಲಿನಲ್ಲಿ ವೀಡಿಯೋ ಇದೆ. ನನ್ನ ಹುಚ್ಚಿಗೆ ಮೊದಲು ಸಿಕ್ಕಿದ್ದು ಅಡುಗೆಮನೆಯ ಮಿಕ್ಸಿ. ನಾನು ರಿಪೇರಿ ಮಾಡಿದ ಮೇಲೆ ಅದು ಚಟ್ನಿ ರುಬ್ಬುವುದನ್ನು ಬಿಟ್ಟು, ಮುಟ್ಟಿದವರಿಗೆ ಶಾಕ್ ಕೊಡುವ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತಿದೆ. ಇಷ್ಟರಿಂದ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ಬಸವನಗುಡಿಯ ನಮ್ಮ ಮನೆಯ ಪೋರ್ಟಿಕೋದಲ್ಲಿ ನನ್ನ ತಂದೆ ಕೊಂಡ ಕಾರೊಂದಿದೆ. ಗೇರು ಸ್ಟೇರಿಂಗಿನ ಪಕ್ಕದಲ್ಲೇ ಇರುತ್ತಿದ್ದ ಕಾಲದ್ದು. ನನ್ನ ಹೆಂಡತಿ ಗಿರಿಜಾ ಮದುವಣಗಿತ್ತಿಯಾಗಿ ಈ ಮನೆಯ ಮುಂದೆ ಬಂದಿಳಿದದ್ದು ಇದರಿಂದಲೇ. ಹಾಗಾಗಿ ಮಗಳು ಸಹನಾಳ ಮದುವೆ ಗೊತ್ತಾದಾಗ ಗಿರಿಜಾ ಒಂದೇ ಒಂದು ಆಸೆ ಹೇಳಿಕೊಂಡಳು: ಮಗಳು ಛತ್ರಕ್ಕೆ ಹೊರಡುವುದು ಇದೇ ಕಾರಿನಲ್ಲಿ ಆಗಬೇಕು. ಸೀರೆ, ಒಡವೆಗಳ ವಿಷಯದಲ್ಲೂ ಅವಳು ಇಷ್ಟು ಹಟ ಹಿಡಿದವಳಲ್ಲ. ನಾನು ಎದೆ ತಟ್ಟಿ ಒಪ್ಪಿಕೊಂಡೆ. ಆಮೇಲೆ ಮದುವೆಯ ವಾರ ಅಟ್ಟದಿಂದ ಇಳಿಸಿದ ಹಿತ್ತಾಳೆ ಕೊಳಗವನ್ನು ಕೈನೋವೆಂದು ಒಂದು ಗಳಿಗೆ ಕಾರಿನ ನೆತ್ತಿಯ ಮೇಲಿಟ್ಟೆ. ಕೊಳಗ ದುಂಡಗಿರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅದು ಉರುಳಿ ಮುಂದಿನ ಗಾಜಿನ ಮೇಲೆ ಬಿತ್ತು. ಕೊಳಗಕ್ಕೆ ಏನೂ ಆಗಲಿಲ್ಲ.

ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯ ಅಂಗಡಿಯೊಂದರಲ್ಲಿ ಆ ಕಾಲದ ಗಾಜು ಸಿಕ್ಕಿದ್ದೇ ಪುಣ್ಯ. ಕೂರಿಸಲು ಹುಡುಗರನ್ನು ಕಳಿಸುತ್ತೇನೆಂದು ಅಂಗಡಿಯವರು ಹೇಳಿದರು. ನಾನು ಬೇಡವೆಂದೆ. ಪಕ್ಕದ ಮನೆಯ ನಂಜಪ್ಪನವರು ಜೊತೆಗಿದ್ದರು. ನಿವೃತ್ತರಾದ ಮೇಲೆ ಯಾರು ಎಲ್ಲಿಗೆ ಕರೆದರೂ ಅವರು ಬರುತ್ತಾರೆ. ಗಾಜನ್ನು ನನ್ನ ಬಿಳಿ ಪಂಚೆಯಲ್ಲಿ ಸುತ್ತಿ, ಇಬ್ಬರ ತೊಡೆಯ ಮೇಲೆ ಅಡ್ಡಡ್ಡ ಮಲಗಿಸಿಕೊಂಡು ಆಟೋದಲ್ಲಿ ಬಂದೆವು. ಹಂಪು ಬಂದಾಗಲೆಲ್ಲ ನಾನು ನಿಧಾನ, ನಿಧಾನ ಎಂದು ಅಳುವ ದನಿಯಲ್ಲಿ ಹೇಳುತ್ತಿದ್ದೆ. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಸ್ಕೂಟರಿನವರು ನಮ್ಮನ್ನು ನೋಡಿ, ಚಪ್ಪಲಿಯಿಂದ ಕಾಲು ಹೊರತೆಗೆದು ಕೈಮುಗಿದರು. ನಂಜಪ್ಪನವರು ಮರ್ಯಾದೆಗೆ ತಾವೂ ಕೈಮುಗಿದರು.

ಕೆಲಸ ಹೇಳುವಷ್ಟಕ್ಕೆ ಸುಲಭ. ಗಾಜಿನ ಸುತ್ತ ರಬ್ಬರಿನ ಪಟ್ಟಿ ಹಾಕಬೇಕು. ಪಟ್ಟಿಯ ಸಂದಿಯಲ್ಲಿ ಒಂದು ಉದ್ದನೆಯ ಹಗ್ಗ ತೂರಿಸಿ ಅದರ ತುದಿಗಳನ್ನು ಕಾರಿನೊಳಗೆ ಬಿಡಬೇಕು. ಸೋಪಿನ ನೀರು ಸವರಿ, ಹೊರಗಿನಿಂದ ಒಬ್ಬರು ಗಾಜನ್ನು ಒತ್ತುತ್ತಿದ್ದರೆ ಒಳಗಿನವರು ಹಗ್ಗ ಎಳೆಯಬೇಕು. ರಬ್ಬರು ತಾನಾಗಿ ತಗಡಿನ ಅಂಚನ್ನು ಕಚ್ಚಿಕೊಳ್ಳುತ್ತದೆ. ನಮ್ಮದು ಕಚ್ಚಿಕೊಳ್ಳಲಿಲ್ಲ. ಮೊದಲ ಸಲ ಹಗ್ಗ ಸಲೀಸಾಗಿ ಬಂತು, ಗಾಜು ನಂಜಪ್ಪನವರ ಎದೆಯ ಮೇಲೇ ಉಳಿಯಿತು. ಎರಡನೆಯ ಸಲ ರಬ್ಬರು ಕೂತಿತು, ಆದರೆ ಅದರ ಜೊತೆಗೆ ಅವರ ಅಂಗಿಯ ತೋಳೂ ಒಳಗೆ ಸೇರಿಕೊಂಡಿತು. ಅವರು ಅಂಗಿಯನ್ನು ಬಿಚ್ಚಿ ಕಾರಿಗೇ ಬಿಟ್ಟು, ಬನಿಯನ್ನಿನಲ್ಲೇ ನಿಂತು ಕಾಫಿ ಕುಡಿದರು. ಮದುವೆಗೆ ಬಂದಿಳಿಯುತ್ತಿದ್ದ ನೆಂಟರೆಲ್ಲ ಪೋರ್ಟಿಕೋದಲ್ಲೇ ನಿಂತು ಸಲಹೆ ಕೊಟ್ಟರು. ಹರಳೆಣ್ಣೆ ಹಚ್ಚಿ ಎಂದವರುಂಟು. ಗಾಜು ದೊಡ್ಡದಾಯಿತು, ಸುತ್ತ ಒಂದಿಷ್ಟು ಉಜ್ಜಿ ಎಂದವರೂ ಉಂಟು.

ಮೂರನೆಯ ಸಲ ಹಗ್ಗ ಅರ್ಧ ಬಂದಿತ್ತು, ರಬ್ಬರು ನಿಜಕ್ಕೂ ಕಚ್ಚಿಕೊಳ್ಳುತ್ತಿತ್ತು. ಆಗಲೇ ಮಾವಳ್ಳಿಯಿಂದ ಬಂದಿದ್ದ ನನ್ನ ಸೋದರತ್ತೆ ಪುಟ್ಟಮ್ಮ ನನ್ನನ್ನು ಕೂಗಿದರು. ಚಪ್ಪರ ಏಳುತ್ತಿತ್ತು, ಹಾಲುಗಂಬ ನೆಡಬೇಕು, ಮನೆಯ ಯಜಮಾನ ಬಂದು ಕಂಬ ಹಿಡಿದು ಹಾಲೆರೆಯಬೇಕು. ನಮ್ಮ ಕಡೆ ಮದುವೆ ಶುರುವಾಗುವುದೇ ಆ ಕಂಬದಿಂದ. ನಾನು ಎಡಗೈಯಲ್ಲಿ ಹಗ್ಗದ ತುದಿಯನ್ನು ಬಿಡದೆ ಹಿಡಿದುಕೊಂಡೇ ಹೋದೆ. ಬಿಟ್ಟರೆ ಮತ್ತೆ ಮೊದಲಿನಿಂದ. ಅತ್ತೆ ಈಶಾನ್ಯ ಮೂಲೆ ಯಾವುದೆಂದು ಕೇಳಿದರು. ನಾನು ಕಾರಿನ ಕಡೆ ನೋಡುತ್ತಲೇ, ಇಲ್ಲೇ ಎಂದು ಬಲಗೈ ತೋರಿಸಿದೆ. ಕಂಬ ಹಿಡಿದೆ, ಪಕ್ಕದಲ್ಲಿದ್ದ ಚೊಂಬನ್ನೆತ್ತಿ ಎರೆದೆ. ಅದು ಹಾಲಿನ ಚೊಂಬೋ ನಮ್ಮ ಸೋಪಿನ ನೀರಿನದೋ ಇವತ್ತಿಗೂ ಖಚಿತವಿಲ್ಲ. ಕಂಬದ ಬುಡದಲ್ಲಿ ಒಳ್ಳೆಯ ನೊರೆ ಎದ್ದಿತು. ನೊರೆಹಾಲು ಶುಭವೆಂದು ಅತ್ತೆ ಸಂತೋಷಪಟ್ಟರು. ನಾನು ಓಡಿಬಂದು ಹಗ್ಗ ಎಳೆದೆ. ಗಾಜು ಕೂತೇಬಿಟ್ಟಿತು.

ಆ ಕ್ಷಣದ ಹೆಮ್ಮೆಯನ್ನು ಹೇಗೆ ಹೇಳಲಿ? ಡ್ರೈವರ್ ಸೀಟಿನಲ್ಲಿ ಕೂತು, ಒಳಗಿನಿಂದ ಗಾಜನ್ನೊರೆಸಿ ಮುಂದೆ ನೋಡಿದೆ. ಒಂದು ಗೀರಿಲ್ಲ, ಒಂದು ಕಲೆಯಿಲ್ಲ. ಅಷ್ಟು ನಿಚ್ಚಳವಾದ ಗಾಜಿನಲ್ಲಿ ನಮ್ಮ ಗೇಟಿನ ನಟ್ಟನಡುವೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಹಾಲುಗಂಬ ನಿಂತಿತ್ತು. ವಾಸ್ತುವಿನವರ ಮಾತು ಕೇಳಿ ಗೇಟನ್ನು ಈಶಾನ್ಯಕ್ಕೆ ಇಡಿಸಿದವನೂ ನಾನೇ.

ಹಾಲೆರೆದ ಕಂಬವನ್ನು ಮದುವೆ ಮುಗಿಯುವ ತನಕ ಕೀಳುವಂತಿಲ್ಲ ಎಂದರು ಅತ್ತೆ. ಎರೆದದ್ದು ಹಾಲೇ ಎನ್ನುವುದು ಖಾತ್ರಿಯಿಲ್ಲ ಎಂದು ಹೇಳೋಣವೆನ್ನಿಸಿತು, ಜೀವದಾಸೆಯಿಂದ ಸುಮ್ಮನಾದೆ. ನಂಜಪ್ಪನವರು ಕಾಂಪೌಂಡಿನ ಗೋಡೆ ಒಡೆಯೋಣ, ನಾನೇ ಹಾರೆ ತರುತ್ತೇನೆ ಎಂದರು. ಗಿರಿಜಾ ಕಂಬವನ್ನೂ ಕಾರನ್ನೂ ಒಮ್ಮೆ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಸಂಜೆ ಸಹನಾ ಸಿಂಗಾರ ಮಾಡಿಕೊಂಡು ಹೊರಗೆ ಬಂದಳು. ಗೇಟಿನಾಚೆ ಬಾಡಿಗೆ ಕಾರು ಕಾಯುತ್ತಿತ್ತು. ಅವಳು ನೆಟ್ಟಗೆ ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಅಮ್ಮನನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು.

"ಅಪ್ಪ, ಸ್ಟಾರ್ಟ್ ಮಾಡಿ," ಎಂದಳು.

"ಎಲ್ಲಿಗಮ್ಮ?"

"ಎಲ್ಲಿಗೂ ಬೇಡ. ಅಮ್ಮಂಗೋಸ್ಕರ."

ಸ್ಟಾರ್ಟ್ ಮಾಡಿದೆ. ಕಾರು ಕೆಮ್ಮಿ, ಗಡಗಡ ನಡುಗಿ, ನಿಂತಲ್ಲೇ ಓಡಿತು. ಅತ್ತೆ ಆರತಿ ಎತ್ತಿದರು. ವಾಲಗದವರು ಊದಿಯೇಬಿಟ್ಟರು. ನಂಜಪ್ಪನವರು ದಾರಿ ಬಿಡಿ, ದಾರಿ ಬಿಡಿ ಎಂದು ನೆಂಟರನ್ನೆಲ್ಲ ಪಕ್ಕಕ್ಕೆ ಸರಿಸಿದರು. ನಾನು ಅಭ್ಯಾಸಬಲದಿಂದ ಹಾಲುಗಂಬಕ್ಕೆ ಎರಡು ಸಲ ಹಾರನ್ ಮಾಡಿದೆ. ಸ್ವಲ್ಪ ಹೊತ್ತಾದ ಮೇಲೆ ತಾಯಿ ಮಗಳು ನಗುತ್ತಾ, ಅಳುತ್ತಾ ಇಳಿದರು. ಗಿರಿಜಾ ನನ್ನ ಕಿಟಕಿಯ ಹತ್ತಿರ ಬಂದಳು. ಅವಳ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಕಂಡೇ ಇರಲಿಲ್ಲ. ಗಾಜಿನ ಬಗ್ಗೆ ಒಂದು ಒಳ್ಳೆಯ ಮಾತು ಬರುತ್ತದೆಂದು ಕಾದೆ.

"ಚೆನ್ನಾಗಿತ್ತು ಕಣ್ರೀ," ಎಂದಳು. "ಇಷ್ಟು ವರ್ಷದಲ್ಲಿ ನೀವು ಗಾಡಿ ಓಡ್ಸುವಾಗ ನಾನು ಭಯ ಇಲ್ದೆ ಕೂತಿದ್ದು ಇವತ್ತೇ."