ದ್ಯಾವಪ್ಪನ ಎಡೆಗೊಂದು ಕ್ವಾಟರ್

ಎಲ್ಲ ಕೆಟ್ಟದ್ದು ಒಂದು ಕಾಗೆಯಿಂದ. ಸರಿಯಾಗಿ ಹೇಳಬೇಕೆಂದರೆ, ಬಾರದೇ ಹೋದ ಕಾಗೆಯಿಂದ.

ಅಂದು ಹಿರಿಯರ ಹಬ್ಬದ ಅಮಾವಾಸ್ಯೆ. ತಾವರಗೇರಾದ ಪಕ್ಕೀರವ್ವ ಮುಂಜಾನೆ ಒಂಬತ್ತಕ್ಕೇ ಮಾಳಿಗೆಯ ಮೇಲೆ, ತೀರಿಹೋದ ಗಂಡ ದ್ಯಾವಪ್ಪನಿಗೆ ಎಡೆ ಇಟ್ಟಿದ್ದಳು. ಹೋಳಿಗೆ, ಕರಿಗಡುಬು, ಎಣ್ಣೆಗಾಯಿ ಬದನೆ, ಎಲೆ ಅಡಿಕೆ. ಸತ್ತವರು ಬದುಕಿದ್ದಾಗ ಇಷ್ಟಪಟ್ಟಿದ್ದೆಲ್ಲ ಎಡೆಯಲ್ಲಿರಬೇಕು. ಒಂದು ಕಡಿಮೆಯಾದರೂ ಕಾಗೆ ಮುಟ್ಟುವುದಿಲ್ಲ. ಕಾಗೆ ಮುಟ್ಟುವ ತನಕ ಕೆಳಗೆ ಯಾರೂ ಉಣ್ಣುವಂತಿಲ್ಲ. ಹತ್ತಾಯಿತು, ಹನ್ನೊಂದಾಯಿತು. ಊಟಕ್ಕೆ ಕರೆದಿದ್ದ ನಲವತ್ತು ಮಂದಿಯ ಹೊಟ್ಟೆಗಳು ಡೊಳ್ಳಿನ ಮೇಳ ಶುರುಮಾಡಿದ್ದವು. ಕಾಗೆಗಳೋ, ಮೊಬೈಲ್ ಟವರಿನ ಮೇಲೆ ಸಾಲಾಗಿ ಕುಳಿತು, ಹೆಣ್ಣು ನೋಡಲು ಬಂದ ಬೀಗರ ಹಾಗೆ ಎಡೆಯನ್ನೊಮ್ಮೆ ನೋಡಿ ಮುಖ ತಿರುಗಿಸುತ್ತಿದ್ದವು.

“ಬರೂದಿಲ್ಲ ಬಿಡ್ರಿ,” ಎಂದ ಪಕ್ಕದ ಮನೆಯ ದುರುಗೇಶ. “ಎಡ್ಯಾಗ ಒಂದು ಕಡಿಮಿ ಐತಿ. ಎಲ್ಲಾರಿಗೂ ಗೊತ್ತೈತಿ, ಯಾರೂ ಬಾಯಿ ಬಿಡವಲ್ಲರು.”

“ಏನಪ್ಪ ಅದು?” ಎಂದಳು ಪಕ್ಕೀರವ್ವ.

“ಒಂದು ಕ್ವಾಟರ್ ಇಡ್ರಿ ಯಮ್ಮಾ.”

ಅಳಿಯ ಕೃಷ್ಣನ ಕೈಯಲ್ಲಿದ್ದ ತಂಬಿಗೆ ಜಾರಿ ಮೆಟ್ಟಿಲುಗಳನ್ನೆಲ್ಲ ಎಣಿಸುತ್ತ ಕೆಳಗೆ ಹೋಯಿತು.

ದ್ಯಾವಪ್ಪನ ಎಡೆಗೆ ಕ್ವಾಟರ್! ದ್ಯಾವಪ್ಪ ಎಂಥ ಮನುಷ್ಯನೆಂದರೆ, ಅಂಥವನು ನಾಲ್ಕು ತಾಲ್ಲೂಕಿನಲ್ಲಿ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ಇಲ್ಲ. ಕುಡಿದವನೊಬ್ಬ ಬಸ್ಸು ಹತ್ತಿದರೆ ಇವನು ಇಳಿದು ಕುಷ್ಟಗಿವರೆಗೂ ನಡೆದೇ ಹೋಗುತ್ತಿದ್ದ. ಕೆಮ್ಮಿನ ಔಷಧಿ ಕೊಟ್ಟರೆ ಮೂಸಿ ನೋಡಿ ಬೇವಿನ ಗಿಡದ ಬುಡಕ್ಕೆ ಸುರಿಯುತ್ತಿದ್ದ. ಆ ಗಿಡ ಇವತ್ತಿನವರೆಗೂ ಕೆಮ್ಮಿಲ್ಲ. ಮಗಳು ಶ್ವೇತಾಳಿಗಾಗಿ ಹದಿನೇಳು ವರಗಳ ಬಾಯಿ ಮೂಸಿ ಓಡಿಸಿದವನು, ಹದಿನೆಂಟನೆಯವನಾದ ಕೃಷ್ಣನ ಬಾಯಿ ಮೂಸಿ, “ಹಾಲು!” ಎಂದು ಒಂದೇ ಮಾತು ಹೇಳಿ ಮನೆಯಳಿಯನನ್ನಾಗಿ ಮಾಡಿಕೊಂಡಿದ್ದ. ಊರಿಗೆ ನೀರು ಬಿಡುವ ಬಡಪಾಯಿ ಕೃಷ್ಣನಿಗೆ ಹೆಂಡತಿ, ಸೂರು, ಮರ್ಯಾದೆ ಮೂರೂ ಸಿಕ್ಕಿದ್ದು ಆ ಒಂದು ಮೂಸುವಿಕೆಯಿಂದ.

ಅಂಥ ದ್ಯಾವಪ್ಪ ಮೇ ತಿಂಗಳಲ್ಲಿ, ಕಲ್ಲು ಕೂಡ ನೆರಳು ಹುಡುಕುವ ಬಿಸಿಲಿನಲ್ಲಿ, ಆಡು ಮೇಯಿಸಲು ಹೋದವನು ಜಾಲಿ ಗಿಡದ ಕೆಳಗೆ ಎದೆ ಹಿಡಿದುಕೊಂಡು ಕಣ್ಣು ಮುಚ್ಚಿದ್ದ. ಆಡುಗಳು ತಾವಾಗಿಯೇ ಮನೆ ಸೇರಿದ್ದರಿಂದ, ಯಲಬುರ್ಗಾದ ತಂಗಿಯ ಮನೆಗೆ ಹೋಗಿರಬೇಕೆಂದು ಮನೆಯವರು ಸುಮ್ಮನಿದ್ದರು. ಸಿಕ್ಕಿದ್ದು ಮೂರನೆಯ ದಿನ. ಒಬ್ಬನೇ ಸತ್ತನೆಂದು ಕೊಪ್ಪಳದ ದವಾಖಾನೆಯಲ್ಲಿ ಶವಪರೀಕ್ಷೆಯಾಗಿ, ಎರಡು ಪುಟದ ವರದಿ ಕಳೆದ ವಾರ ಕೈಸೇರಿತ್ತು. ದುರುಗೇಶ “ಕೊಡೋ, ಇಂಗ್ಲಿಷ್ ನನಗ ಬರತೈತಿ” ಎಂದು ಮೊದಲ ಪುಟದ ಫೋಟೋ ಹೊಡೆದು ಓಣಿಯ ವಾಟ್ಸಾಪ್ ಗುಂಪಿಗೆ ಹಾಕಿದ್ದ: ದ್ಯಾವಪ್ಪನ ರಕ್ತದಲ್ಲಿ ಮದ್ಯಸಾರ.

“ನಮ್ಮ ಮಾವಾರು ಕುಡಿಯೋರಲ್ಲ!” ಕೃಷ್ಣ ಚೀರಿದ.

“ಸಾಕ್ಷಿ ಬೇಕೇನಪ?” ದುರುಗೇಶ ಹಿತ್ತಲಿಗೆ ಹೋದ. ಆಡಿನ ಕೊಟ್ಟಿಗೆಯ ಹಿಂದಿನ ಮೇವಿನ ಬಣವೆಯೊಳಗೆ, ತನ್ನ ಕಿಸೆಗೆ ಕೈ ಹಾಕಿದಷ್ಟು ಸಲೀಸಾಗಿ ಕೈ ಹಾಕಿ, ಒಂಬತ್ತು ಖಾಲಿ ಬಾಟಲಿ ಎಳೆದು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ.

“ಯಾ ಅಲ್ಲಾ!” ಎಂದಳು ಎದುರುಮನೆಯ ಜುಬೇದಾಬೀ. “ಅಂಥಾ ದ್ಯಾವಪ್ಪಣ್ಣ!”

ಪಕ್ಕೀರವ್ವ ಬಾಟಲಿಗಳನ್ನು ನೋಡಿದಳು, ಗೋಡೆಯ ಮೇಲಿನ ಗಂಡನ ಫೋಟೋ ನೋಡಿದಳು.

“ಕೃಷ್ಣಪ್ಪಾ, ಅವರನ್ನ ಪರೀಕ್ಷಾ ಮಾಡಿದ ಡಾಕ್ಟರ್‌ನ ಕೇಳ್ಕೊಂಡು ಬಾ. ಹೊತ್ತು ಮುಳುಗೂತನಕ ಕಾಯ್ತೀನಿ. ಕುಡ್ದಾರ ಅಂದ್ರ ನನ್ನ ಕೈಯಾರ ಬಾಟ್ಲಿ ಇಡ್ತೀನಿ. ಆಮ್ಯಾಲೆ ಆ ಫೋಟೋ ಈ ಮನ್ಯಾಗ ಇರಂಗಿಲ್ಲ.”

“ಹೊತ್ತು ಮುಳುಗೂತನಕಾ?” ನಲವತ್ತು ಹೊಟ್ಟೆಗಳು ಒಟ್ಟಿಗೆ ನರಳಿದವು.

ಕೃಷ್ಣ ಬೈಕು ಹತ್ತಿದ. ಕುಷ್ಟಗಿಯಲ್ಲಿ ಪಂಕ್ಚರ್. ಮುಂದೆ ಪೆಟ್ರೋಲು ಮುಗಿದು ಎರಡು ಮೈಲಿ ತಳ್ಳಿದ. ಕೊಪ್ಪಳದ ದವಾಖಾನೆ ತಲುಪಿದರೆ, “ಅತೀಯಾ ಮೇಡಂ ಗಿಣಿಗೇರಾಕ್ಕ ಹೋಗ್ಯಾರ, ಆರೋಗ್ಯ ಶಿಬಿರ ಐತಿ,” ಎಂದರು. ಮತ್ತೆ ಗಿಣಿಗೇರಾಕ್ಕೆ ಓಡಿಸಿದ. ಅಲ್ಲಿ ಮುಂದೆ ಅದಿರಿನ ಲಾರಿ, ಹಿಂದೆ ಅದಿರಿನ ಲಾರಿ, ನಡುವೆ ಹೆಲ್ಮೆಟ್ಟಿನ ಗಾಜು ಒಡೆದ ಕೃಷ್ಣ. ಶಿಬಿರದ ಶಾಮಿಯಾನದೊಳಗೆ ಕಾಲಿಟ್ಟಾಗ ಅವನು ಅಡಿಯಿಂದ ಮುಡಿಯವರೆಗೆ ಕೆಮ್ಮಣ್ಣು ಬಳಿದ ಗೋಡೆಯಾಗಿದ್ದ.

ಡಾಕ್ಟರ್ ಅತೀಯಾ! ಐದಡಿಯೂ ಇಲ್ಲದ ಹೆಣ್ಣುಮಗಳು. ಆದರೆ ಬದುಕಿದ್ದವರು ಹೇಳಿದ ಸುಳ್ಳನ್ನು ಸತ್ತವರ ಬಾಯಿಂದ ತಿದ್ದಿಸುವ ತಾಕತ್ತು ಅವರಿಗೊಬ್ಬರಿಗೇ ಇತ್ತೆಂದು ಜಿಲ್ಲೆಯೇ ಹೇಳುತ್ತಿತ್ತು. ಕೃಷ್ಣ ವರದಿ ಚಾಚಿ, ಅರ್ಧ ಕಥೆ ಹೇಳುವಷ್ಟರಲ್ಲಿ ಅವರಿಗೆ ಪೂರ್ತಿ ಕಥೆ ತಿಳಿದಿತ್ತು.

“ಮೊದಲನೇ ಪುಟ ಅಷ್ಟ ಓದಿ ತೀರ್ಪು ಕೊಟ್ರೇನು? ಕೂಡ್ರಿ. ಮನ್ಯಾಗ ದ್ವಾಸಿ ಹಿಟ್ಟು ರುಬ್ಬಿ ಮುಚ್ಚಿಡ್ತಾರಲ್ಲ, ಮುಂಜಾನಿ ಏನಾಗಿರ್ತೈತಿ?”

“ಉಬ್ಬಿರ್ತೈತ್ರಿ. ಹುಳಿ ವಾಸನಿ ಬರ್ತೈತಿ.”

“ಅದಕ್ಕ ರಾತ್ರಿ ಯಾರರ ಕುಡಿಸಿರ್ತಾರೇನು?”

“ಇಲ್ರಿ!”

“ಹಂಗಽ ಇದು. ಸತ್ತ ಮ್ಯಾಲ ಮೈಯಾಗಿನ ಸೂಕ್ಷ್ಮಜೀವಿ ಸುಮ್ಮನ ಕೂಡಂಗಿಲ್ಲ. ಅಂಥಾ ಬಿಸಿಲಾಗ ಸಕ್ಕರಿ ಅಂಶ ತಿಂದು ತಾವಽ ಮದ್ಯಸಾರ ತಯಾರ ಮಾಡ್ತಾವು.”

“ಅಂದ್ರ ರಕ್ತ ಸುಳ್ಳು ಹೇಳ್ತೈತ್ರಿ?”

“ರಕ್ತ ಸುಳ್ಳು ಹೇಳಂಗಿಲ್ಲಪ, ನಾವು ಅರ್ಧಾ ಕೇಳಸ್ಕೋತೀವಿ. ಎಷ್ಟು ದಿನಾ ಆಗಿತ್ತು, ಎಂಥಾ ಬಿಸಿಲಿತ್ತು, ಯಾವ ಜಾಗದಿಂದ ತಗದ್ರು, ಎಲ್ಲಾ ಕೂಡಿಸಿ ನೋಡಬೇಕು. ಅದಕ್ಕಽ ಕಣ್ಣಿನ ಒಳಗಿನ ನೀರೂ ಪರೀಕ್ಷಾಕ್ಕ ಕಳಿಸಿದ್ದೆ. ಕಣ್ಣು ಬಾಗಲಾ ಹಾಕಿದ ಖೋಲಿ ಇದ್ದಂಗ. ಈ ಜೀವಿಗಳು ಅಲ್ಲಿಗೆ ಭಾಳ ತಡಾ ಮಾಡಿ ಹೋಗ್ತಾವು. ಕುಡದು ಸತ್ತಿದ್ರ ಅಲ್ಲೂ ಇರಬೇಕಿತ್ತು. ಎರಡನೇ ಪುಟ ನೋಡ್ರಿ, ಏನೂ ಸಿಕ್ಕಿಲ್ಲ.”

ಅವರು ಆ ಸಾಲಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ಕನ್ನಡದಲ್ಲೇ ಬರೆದುಕೊಟ್ಟರು: ‘ಕುಡಿದಿದ್ದಕ್ಕೆ ಆಧಾರವಿಲ್ಲ.’ ಕೃಷ್ಣ ಕಾಲು ಮುಟ್ಟಲು ಬಗ್ಗಿದ. ಡಾಕ್ಟರ್ ಹಿಂದೆ ಸರಿದರು. ಸೀರೆಗೆ ಅದಿರು ಹತ್ತುತ್ತಿತ್ತು.

ಗಿಣಿಗೇರಾದಿಂದ ತಾವರಗೇರಾಕ್ಕೆ ಎಷ್ಟು ತಗ್ಗುಗಳಿವೆಯೋ ಅಷ್ಟೂ ತಗ್ಗುಗಳಲ್ಲಿ ಡಾಕ್ಟರರ ಮಾತು ಕುಲುಕಿ ಕುಲುಕಿ, ಊರು ಮುಟ್ಟುವ ಹೊತ್ತಿಗೆ ಕೃಷ್ಣನ ತಲೆಯಲ್ಲಿ ಉಳಿದದ್ದು ಒಂದೇ ಸಾಲು. ಸೂರ್ಯ ಇನ್ನೂ ಒಂದು ಮೊಳ ಮೇಲಿದ್ದ. ಕೃಷ್ಣ ಅಂಗಳದಲ್ಲಿ ನಿಂತು ಅದನ್ನೇ ಗುಡುಗಿದ:

“ಮಾವಾರು ಕುಡ್ದಿಲ್ಲ! ರಕ್ತದ ಮಾತು ಸುಳ್ಳು, ಕಣ್ಣಿನ ಮಾತು ಖರೇ! ಡಾಕ್ಟರ್ ಬರದು ಕೊಟ್ಟಾರ!”

ಕಾಗದ ಕೈಯಿಂದ ಕೈಗೆ ದಾಟಿತು. ಪಕ್ಕೀರವ್ವ ಫೋಟೋ ಇಳಿಸಿ, ಸೆರಗಿನಿಂದ ಒರೆಸಿ, ಎದೆಗವುಚಿಕೊಂಡಳು. “ಹುಲಿ ಅದೀಯಪಾ ನನ್ನ ಅಳಿಯಾ!” ಎಂದಳು. ಶ್ವೇತಾ ಗಂಡನನ್ನು ಲಗ್ನದ ದಿನವೂ ಹಾಗೆ ನೋಡಿರಲಿಲ್ಲ. ಅದೇ ಹೊತ್ತಿಗೆ ಟವರಿನಿಂದ ಒಂದು ಕಾಗೆ ಇಳಿದು, ಯಾವ ಕ್ವಾಟರನ್ನೂ ಕೇಳದೆ, ಹೋಳಿಗೆ ಕಚ್ಚಿಕೊಂಡು ಹಾರಿತು. ನಲವತ್ತು ಮಂದಿ ಜಯಕಾರ ಹಾಕಿ ಎಲೆಗಳ ಮೇಲೆ ಬಿದ್ದರು. ಎರಡು ತುತ್ತಿನ ಮಟ್ಟಿಗೆ, ತಾವರಗೇರಾದಲ್ಲಿ ಕೃಷ್ಣನಿಗಿಂತ ದೊಡ್ಡ ಮನುಷ್ಯನಿರಲಿಲ್ಲ.

ಮೂರನೆಯ ತುತ್ತಿಗೆ ಜುಬೇದಾಬೀ ಕೈ ತಡೆದಳು.

“ಅಲ್ರೀ... ಹಂಗಾರ ಈ ಬಾಟ್ಲಿ ಯಾರವು?”

ತುತ್ತುಗಳು ಗಾಳಿಯಲ್ಲಿ ನಿಂತವು.

“ಈ ಮನ್ಯಾಗ ಗಂಡಸರು ಇದ್ದವರು ಇಬ್ಬರು,” ಎಂದ ದುರುಗೇಶ, ಬಹಳ ದುಃಖದಿಂದ. “ಒಬ್ಬರು ಕುಡಿಯೋರಲ್ಲ ಅಂತ ಈಗ ಡಾಕ್ಟರಽ ಬರದು ಕೊಟ್ರು.”

ಕೃಷ್ಣನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಜಿಗಿದೆದ್ದ. “ಏ! ನಾ ಮುಟ್ಟಿದವನಲ್ಲ! ಬೇಕಾರ ನನ್ನ ರಕ್ತ ತಗೋರಿ, ಪರೀಕ್ಷಾ ಮಾಡಸ್ರಿ!”

“ರಕ್ತದ ಮಾತು ಸುಳ್ಳು ಅಂತ ನೀನಽ ಹೇಳಿದೆಲ್ಲಪಾ,” ಎಂದ ದುರುಗೇಶ. “ಖರೇ ಹೇಳೋದು ಕಣ್ಣು. ಕಣ್ಣು ತೋರಸು.”

ನಲವತ್ತು ತಲೆಗಳು ಎಲೆ ಬಿಟ್ಟು ಬಾಗಿದವು. ಇಡೀ ದಿನ ಅದಿರಿನ ದೂಳು ಕುಡಿದ ಕೃಷ್ಣನ ಎರಡೂ ಕಣ್ಣುಗಳು ಹಣ್ಣು ಮೆಣಸಿನಕಾಯಿಯಂತೆ ಕೆಂಪಗೆ ಹೊಳೆಯುತ್ತಿದ್ದವು.

“ಹಾ... ಡಾಕ್ಟರ್ ಭಾಳ ಶಾಣ್ಯಾಕಿ,” ಎಂದು ಮೂಲೆಯಿಂದ ಒಬ್ಬರು ಮೆಚ್ಚಿಕೊಂಡರು.

“ದೂಳ್ರೀ! ಗಿಣಿಗೇರಾದ ದೂಳು! ಶ್ವೇತಾ, ನೀನರ ಹೇಳ!”

ಶ್ವೇತಾ ಹೋಳಿಗೆಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಪಕ್ಕೀರವ್ವ ಮಾತ್ರ ಸಿಟ್ಟಾಗಲಿಲ್ಲ. ಗಂಡನ ಮಾನ ಉಳಿಸಿಕೊಟ್ಟ ಅಳಿಯ. ಅವಳು ಹತ್ತಿರ ಬಂದು, ಅವನ ಅದಿರು ಮೆತ್ತಿದ ತಲೆ ಸವರಿ, ಮಗಳಿಗೆ ಕೂಗಿ ಹೇಳಿದಳು:

“ಶ್ವೇತಾ, ನಾ ಮುದುಕಿ, ಇವತ್ತ ಅದೀನಿ ನಾಳಿಗಿಲ್ಲ. ನೀ ನೆನಪಿಟ್ಕೋ. ಮುಂದ ಕೃಷ್ಣಪ್ಪಗ ಎಡಿ ಇಡೋ ಕಾಲಕ್ಕ, ಪಾಪ, ಕ್ವಾಟರ್ ಮರೀಬ್ಯಾಡವಾ.”