ಮೂರು ಸಿಲ್ವರ್ ಮರ ಕಡಿಮೆ

ಹುದಿಕೇರಿ ಹತ್ತಿರದ ಕಾಫಿ ತೋಟವೊಂದರ ರೈಟರ್ ವಸಂತನಿಗೆ ಮೈಸೂರಿನಲ್ಲಿರುವ ಧಣಿ ಜಯಪ್ರಕಾಶ್ ಒಂದು ಕ್ಯಾಮೆರಾ ಕಳಿಸಿದ್ದರು. ಸ್ಟ್ಯಾಂಡಿನ ಮೇಲೆ ತಿರುಗುತ್ತ ಎಂಟು ಫೋಟೊ ತೆಗೆದು, ತಾನೇ ಒಂದಕ್ಕೊಂದು ಜೋಡಿಸಿ, ಉದ್ದನೆಯ ಒಂದೇ ಚಿತ್ರ ಮಾಡಿ ನೇರ ಧಣಿಯ ಫೋನಿಗೆ ಕಳಿಸಿಬಿಡುವ ಕ್ಯಾಮೆರಾ. ಬೆಳಗ್ಗೆ ವಸಂತ ಗುಂಡಿ ಒತ್ತಿದ. ಹತ್ತು ನಿಮಿಷಕ್ಕೆ ಧಣಿಯ ಫೋನ್ ಬಂತು.

“ಬೇಲಿ ಸಾಲಿನಲ್ಲಿ ಹನ್ನೆರಡು ಸಿಲ್ವರ್ ಮರ ಇತ್ತಲ್ಲ ವಸಂತ? ಫೋಟೊದಲ್ಲಿ ಒಂಬತ್ತೇ ಉಂಟು. ಮೂರು ಯಾರಿಗೆ ಮಾರಿದೆ?”

“ಅಯ್ಯೋ, ಎಲ್ಲಾ ಅಲ್ಲೇ ಉಂಟು ಸಾರ್!”

“ಕ್ಯಾಮೆರಾ ಸುಳ್ಳು ಹೇಳ್ತದಾ? ಸಂಜೆಯೊಳಗೆ ಹನ್ನೆರಡೂ ತೋರಿಸು. ಇಲ್ಲದಿದ್ರೆ ನಿನ್ನ ಕತೆ ಪೊಲೀಸರ ಹತ್ರ ಹೇಳು.”

ಇಪ್ಪತ್ತೆರಡು ವರ್ಷದಿಂದ ಆ ತೋಟದ ಹಾಜರಿ ಬರೆಯುತ್ತಿದ್ದ ವಸಂತ ಬೇಲಿಗುಂಟ ಹೋಗಿ ಒಂದೊಂದೇ ಮರ ಮುಟ್ಟಿ ಎಣಿಸಿದ. ಹನ್ನೆರಡು. ನಂಬಿಕೆ ಸಾಲದೆ ಆ ಕೊನೆಯಿಂದ ಎಣಿಸಿದ. ಆಗಲೂ ಹನ್ನೆರಡು. ಆದರೂ ಏನೋ ಕದ್ದವನ ಹಾಗೆ ಹಿಂದೆ ತಿರುಗಿ ನೋಡಿದ.

ಪಕ್ಕದ ತೋಟದ ಬೊಳ್ಳಪ್ಪ ಬೇಲಿ ದಾಟಿ ಬಂದ. “ಕ್ಯಾಮೆರಾ ದೂರ ಇಟ್ಟು ಹಾಳು ಮಾಡಿದ್ದೀ ಮಾರಾಯ. ಹತ್ತಿರ ಇಡು.”

ಹತ್ತಿರ ಇಟ್ಟ. ಕ್ಯಾಮೆರಾ ಮದುವೆಮನೆಗೆ ಬಂದ ಅಜ್ಜಿಯ ಹಾಗೆ ನಿಧಾನವಾಗಿ ಸುತ್ತ ನೋಡತೊಡಗಿತು. ಅಷ್ಟರಲ್ಲಿ ಕಳೆ ತೆಗೆಯುತ್ತಿದ್ದ ಸಿದ್ದಿ ಅದರ ಎದುರಿಗೇ ಈ ಕಡೆಯಿಂದ ಆ ಕಡೆಗೆ ನಡೆದುಹೋದಳು.

“ಏಳು!” ಧಣಿ ಫೋನಿನಲ್ಲಿ ಕೂಗಿದರು. “ಬೆಳಗ್ಗೆಯಿಂದ ಇನ್ನೆರಡು ಹೋಯ್ತು! ಮತ್ತೆ ಆ ಸಿದ್ದಿ ಎರಡು ಕಡೆ ನಿಂತಿದ್ದಾಳಲ್ಲ, ಅವಳಿಗೆ ದಿನಕ್ಕೆ ಎಷ್ಟು ಹಾಜರಿ ಹಾಕ್ತೀ?”

ವಸಂತ ಕಾಫಿ ಗಿಡದ ಬುಡದಲ್ಲಿ ಕುಸಿದು ಕೂತ. ಸಿದ್ದಿಯ ಜೊತೆ ಕಳೆ ತೆಗೆಯುತ್ತಿದ್ದ ಯಮುನ ಕೆಲಸ ಬಿಟ್ಟು ಬಂದು ಅವನ ಫೋನ್ ಈಸಿಕೊಂಡು, ಧಣಿ ವಾಪಸು ಕಳಿಸಿದ್ದ ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು. ಬಿಡುವಿನಲ್ಲಿ ಲೈನ್‌ಮನೆಗಳ ಕೂಲಿ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಡುವವಳು ಅವಳು.

“ಜೋಡಿಸಿದ್ದೇ ತಪ್ಪು ರೈಟ್ರೇ. ಒಂದು ಮರದ ಮೇಲೇ ಇನ್ನೊಂದು ಕೂತಿದೆ. ಎಲ್ಲಾ ಒಂದೇ ಥರ ಇದ್ರೆ ಅದಕ್ಕೆ ಯಾವುದು ಯಾವುದಂತ ಹೇಗೆ ಗೊತ್ತಾಗ್ಬೇಕು? ಗುರುತು ಕಟ್ಟಿ.”

ಮಧ್ಯಾಹ್ನದ ಊಟ ಬಿಟ್ಟು ಗುರುತು ಕಟ್ಟಿದರು. ಒಂದು ಮರಕ್ಕೆ ಯಮುನಳ ಹಳೇ ಸೀರೆ, ಒಂದಕ್ಕೆ ಸಿದ್ದಿಯ ರೇನ್‌ಕೋಟು, ಒಂದಕ್ಕೆ ಗೋಣಿಚೀಲ, ಒಂದಕ್ಕೆ ಬೊಳ್ಳಪ್ಪನ ಕೊಡೆ. ಹನ್ನೊಂದು ಮರಕ್ಕೆ ತೋಟದ ಸಾಮಾನೆಲ್ಲ ಮುಗಿಯಿತು. ಹನ್ನೆರಡನೆಯದಕ್ಕೆ ವಸಂತ ತನ್ನ ಶರಟನ್ನೇ ಬಿಚ್ಚಿ ಕಟ್ಟಿದ.

“ಯಾರೂ ಅಲ್ಲಾಡ್ಬೇಡಿ!” ಎಂದು ಗುಂಡಿ ಒತ್ತಿದ.

ಈ ಸಲ ಧಣಿಯ ದನಿ ಬೆಣ್ಣೆಯಾಗಿತ್ತು. “ಹನ್ನೆರಡೂ ಉಂಟು ವಸಂತ. ಭಾರೀ ಚೆನ್ನಾಗಿ ಬಂದಿದೆ.”

ಬೆಳಗ್ಗೆಯಿಂದ ಮೊದಲ ಸಲ ವಸಂತನ ಉಸಿರು ಸರಾಗವಾಯಿತು.

“ಮರ ಕಡಿಮೆ ಅಂತ ಪಾರ್ಟಿಯವರು ಹಿಂದೆ ಸರಿದಿದ್ರು. ಇದನ್ನ ನೋಡಿ ಒಪ್ಪಿಬಿಟ್ರು.”

“ಯಾವ ಪಾರ್ಟಿ ಸಾರ್?”

“ತೋಟ ತಗೊಳ್ಳೋರು. ಸೋಮವಾರ ಬರ್ತಾರೆ. ಅವರದ್ದೇ ರೈಟರ್ ಇದ್ದಾನಂತೆ. ಗೋಡೌನ್ ಕೀ ಅವನ ಕೈಗೆ ಕೊಟ್ಟುಬಿಡು.”

ಫೋನ್ ಕಟ್ಟಾಯಿತು. ವಸಂತ ಬನಿಯನ್ನಿನಲ್ಲೇ ನಿಂತಿದ್ದ.

“ಏನಂತೆ?” ಬೊಳ್ಳಪ್ಪ ಕೇಳಿದ.

“ಮರ ಎಲ್ಲಾ ಉಂಟಂತೆ,” ಎಂದು ವಸಂತ ಶರಟು ಬಿಚ್ಚಿಕೊಳ್ಳಲು ಬೇಲಿಯ ಕಡೆಗೆ ನಡೆದ.